ಚಾಟ್ ಸಮುದಾಯಗಳಲ್ಲಿ ಅಕ್ಷರಗಳಿಗೆ ಶೈಲಿ: ಯಾವ ವಿಧಾನ ಯಾವ ಕೆಲಸಕ್ಕೆ?

ಒಂದೇ ಪ್ರಕಟಣೆಯನ್ನು ವಾಟ್ಸ್ಆ್ಯಪ್ ಗ್ರೂಪಿಗೂ ಟೆಲಿಗ್ರಾಂ ಚಾನೆಲ್ಲಿಗೂ ಡಿಸ್ಕಾರ್ಡ್ ಸರ್ವರಿಗೂ ಹಾಕಬೇಕಾಗಿ ಬಂದಾಗ ಶೈಲಿಯ ತೊಡಕು ಮೊದಲ ಸಾಲಿನಲ್ಲೇ ಎದುರಾಗುತ್ತದೆ. "*ಸಭೆಯ ಸಮಯ ಬದಲಾಗಿದೆ*" ಎಂದು ಎರಡೂ ಬದಿಗೆ ಒಂದೊಂದು ನಕ್ಷತ್ರ ಚಿಹ್ನೆ ಹಾಕಿ ಬರೆದ ಸಾಲು ವಾಟ್ಸ್ಆ್ಯಪ್‌ನಲ್ಲಿ ಬೋಲ್ಡ್ ಆಗುತ್ತದೆ, ಡಿಸ್ಕಾರ್ಡ್‌ನಲ್ಲಿ ಓರೆಯಾಗುತ್ತದೆ, ಟೆಲಿಗ್ರಾಂನಲ್ಲಿ ನಕ್ಷತ್ರಗಳ ಸಮೇತ ಹಾಗೆಯೇ ಉಳಿದುಬಿಡುತ್ತದೆ. ಬರೆದವರ ಕೈಯಲ್ಲಿ ತಪ್ಪೇನೂ ಇಲ್ಲ. ಆ ಚಿಹ್ನೆಗೆ ಏನು ಅರ್ಥ ಎಂಬುದನ್ನು ಮೂರು ಆ್ಯಪ್‌ಗಳು ಮೂರು ಬಗೆಯಲ್ಲಿ ತೀರ್ಮಾನಿಸಿಕೊಂಡಿವೆ, ಅಷ್ಟೇ.

ಹೀಗಿರುವಾಗ ಚಿಹ್ನೆ ಹಾಕುವುದು, ಬಟನ್ ಒತ್ತುವುದು, ಟ್ಯಾಗ್ ಬರೆಯುವುದು, ಅಲಂಕಾರಿಕ ಅಕ್ಷರಗಳನ್ನು ಅಂಟಿಸುವುದು, ಇಲ್ಲವೇ ಏನೂ ಮಾಡದೆ ಸಾದಾ ಅಕ್ಷರಗಳಲ್ಲೇ ಬರೆಯುವುದು, ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕೆಂಬ ಪ್ರಶ್ನೆಗೆ "ಯಾವುದು ಚೆನ್ನಾಗಿ ಕಾಣುತ್ತದೆ" ಎಂಬ ಅಳತೆಗೋಲು ಸಾಲದು. ಶೈಲಿ ಕೈಕೊಟ್ಟಾಗ, ಅಂದರೆ ಬರಹವನ್ನು ಯಾರೋ ಬೇರೆ ಆ್ಯಪ್‌ಗೆ ಕಾಪಿ ಮಾಡಿದಾಗ, ನೋಟಿಫಿಕೇಶನ್ನಿನ ಒಂದು ಸಾಲಿನಲ್ಲಿ ಓದಿದಾಗ ಅಥವಾ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ ಕೇಳಿಸಿಕೊಂಡಾಗ, ಏನು ಉಳಿಯುತ್ತದೆ ಎಂಬುದನ್ನೇ ಮೊದಲು ನೋಡಬೇಕೆಂಬುದು ಈ ಲೇಖಕನ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಈ ಅಳತೆಯ ಮೇಲೆಯೇ ನಿಂತಿದೆ.

ಚಿಹ್ನೆಗಳು: ಮೂಲ ಒಂದು, ಕವಲು ಹಲವು

ಪದದ ಎರಡೂ ಬದಿಗೆ ನಕ್ಷತ್ರವನ್ನೋ ಅಡಿಗೆರೆಯನ್ನೋ ಹಾಕಿ ಒತ್ತು ತೋರಿಸುವ ರೂಢಿ ಯಾವ ಆ್ಯಪ್‌ನ ಆವಿಷ್ಕಾರವೂ ಅಲ್ಲ. ಬರೀ ಅಕ್ಷರಗಳನ್ನಷ್ಟೇ ಸಾಗಿಸಬಲ್ಲ ಇಮೇಲ್ ಮತ್ತು ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲದ ಕಾಲದಲ್ಲಿ ಜನರೇ ಅದನ್ನು ಬಳಕೆಗೆ ತಂದುಕೊಂಡಿದ್ದರು. ಜಾನ್ ಗ್ರೂಬರ್ 2004ರಲ್ಲಿ ಆರನ್ ಸ್ವಾರ್ಟ್ಜ್ ಅವರ ನೆರವಿನೊಂದಿಗೆ ಮಾರ್ಕ್‌ಡೌನ್ ಎಂಬ ಬರಹ ಪದ್ಧತಿಯನ್ನು ರೂಪಿಸಿದಾಗ ಈ ರೂಢಿಯನ್ನೇ ನಿಯಮಗಳ ಚೌಕಟ್ಟಿಗೆ ತಂದರು. ರೂಪಾಂತರವಾಗದೆ ಉಳಿದರೂ ಬರಹ ಓದುವಂತಿರಬೇಕು ಎಂಬುದು ಅದರ ಮೂಲ ಆಶಯ. ಆದರೆ ಆ ನಿಯಮಗಳಲ್ಲಿ ಅನುಮಾನಕ್ಕೆ ಎಡೆ ಕೊಡುವ ಸಂದರ್ಭಗಳು ಬಹಳ ಇದ್ದುದರಿಂದ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಅಳವಡಿಸಿಕೊಂಡರು. ಅವನ್ನು ಬಿಗಿಗೊಳಿಸಲೆಂದು 2014ರಲ್ಲಿ ಕಾಮನ್‌ಮಾರ್ಕ್ ಎಂಬ ವಿವರಣೆ ಬಂದಿತು. ಆದರೂ ಚಾಟ್ ಆ್ಯಪ್‌ಗಳು ತಮ್ಮ ತಮ್ಮ ದಾರಿಯನ್ನೇ ಹಿಡಿದವು.

ಈಗ ಮುಖ್ಯವಾಗಿ ಎರಡು ಕುಟುಂಬಗಳಿವೆ. ವಾಟ್ಸ್ಆ್ಯಪ್ ಮತ್ತು ಸ್ಲ್ಯಾಕ್ ಒಂಟಿ ಚಿಹ್ನೆಯ ಕುಟುಂಬಕ್ಕೆ ಸೇರಿದವು: ಒಂದು ನಕ್ಷತ್ರಕ್ಕೆ ಬೋಲ್ಡ್, ಒಂದು ಅಂಡರ್‌ಸ್ಕೋರಿಗೆ (_) ಇಟಾಲಿಕ್ ಅಂದರೆ ಓರೆ ಅಕ್ಷರ, ಒಂದು ಟಿಲ್ಡೆಗೆ (~) ಹೊಡೆದುಹಾಕಿದ ಅಕ್ಷರ. ಡಿಸ್ಕಾರ್ಡ್, ರೆಡ್ಡಿಟ್, ಗಿಟ್‌ಹಬ್ ಮಾರ್ಕ್‌ಡೌನ್ ಕುಟುಂಬದವು: ಬೋಲ್ಡ್‌ಗೆ ಎರಡು ನಕ್ಷತ್ರ, ಇಟಾಲಿಕ್‌ಗೆ ಒಂದು, ಹೊಡೆದುಹಾಕಲು ಎರಡು ಟಿಲ್ಡೆ. ಟೆಲಿಗ್ರಾಂ ಎರಡರ ನಡುವೆ ನಿಲ್ಲುತ್ತದೆ. ಅಲ್ಲಿ ಬೋಲ್ಡ್‌ಗೆ ಎರಡು ನಕ್ಷತ್ರವೇ ಬೇಕು, ಆದರೆ ಎರಡು ಅಂಡರ್‌ಸ್ಕೋರ್ ಹಾಕಿದರೆ ಇಟಾಲಿಕ್ ಬರುತ್ತದೆ. ಅದೇ ಎರಡು ಅಂಡರ್‌ಸ್ಕೋರ್ ಡಿಸ್ಕಾರ್ಡ್‌ನಲ್ಲಿ ಪದದ ಕೆಳಗೆ ಗೆರೆ ಎಳೆಯುತ್ತದೆ, ಕಾಮನ್‌ಮಾರ್ಕ್ ಪಾಲಿಸುವ ಕಡೆ ಬೋಲ್ಡ್ ಮಾಡುತ್ತದೆ. ಹಾಗಾಗಿ ಹಲವು ಕಡೆ ಹೋಗುವ ಬರಹದಲ್ಲಿ ಅಂಡರ್‌ಸ್ಕೋರನ್ನು ಒತ್ತಿಗಾಗಿ ಬಳಸದಿರುವುದೇ ಲೇಸು.

ಒಂದೇ ಸಮುದಾಯದೊಳಗೆ ನಡೆಯುವ ದಿನನಿತ್ಯದ ಮಾತುಕತೆಗೆ ಚಿಹ್ನೆಗಳಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ಕೀಲಿಮಣೆಯಿಂದ ಕೈ ಎತ್ತಬೇಕಾಗಿಲ್ಲ. ಶೈಲಿ ಕೆಟ್ಟರೂ ಪದದ ಪಕ್ಕ ಒಂದೆರಡು ನಕ್ಷತ್ರ ಉಳಿಯುತ್ತದೆಯೇ ಹೊರತು ಅರ್ಥ ಕೆಡುವುದಿಲ್ಲ. ಸಾಮಾನ್ಯವಾಗಿ ಕೆಡುವುದಿಲ್ಲ ಎನ್ನಬೇಕು, ಏಕೆಂದರೆ ಅರ್ಥವೇ ಬದಲಾಗುವ ಸಂದರ್ಭವೂ ಒಂದಿದೆ. ಲೆಕ್ಕದ ಗ್ರೂಪಿನಲ್ಲಿ ಯಾರಾದರೂ ಗುಣಾಕಾರವೆಂದು 3*4*5 ಎಂದು ಜಾಗ ಬಿಡದೆ ಬರೆದರೆ, ಕಾಮನ್‌ಮಾರ್ಕ್ ನಿಯಮದಂತೆ ನಡುವಿನ 4 ಓರೆಯಾಗಿ ಎರಡೂ ನಕ್ಷತ್ರಗಳು ಮಾಯವಾಗುತ್ತವೆ. ಬರೆದವರು ಅರವತ್ತು ಎಂಬ ಲೆಕ್ಕ ಕೊಟ್ಟಿದ್ದರೆ ಓದುವವರ ಕಣ್ಣಿಗೆ ಬೀಳುವುದು ಮುನ್ನೂರ ನಲವತ್ತೈದು. ಸೂತ್ರ, ಕಡತದ ಹೆಸರು, ಆದೇಶದ ಸಾಲು, ಪಾಸ್‌ವರ್ಡಿನ ಮಾದರಿ, ಇಂಥ ಯಾವುದನ್ನೇ ಆಗಲಿ ಬ್ಯಾಕ್‌ಟಿಕ್ (`) ಚಿಹ್ನೆಗಳ ನಡುವೆ ಕೋಡ್ ಆಗಿ ಹಾಕುವುದು ಅಲಂಕಾರವಲ್ಲ, ರಕ್ಷಣೆ. ಅದರೊಳಗಿನ ನಕ್ಷತ್ರಕ್ಕೂ ಅಂಡರ್‌ಸ್ಕೋರಿಗೂ ಯಾವ ವಿಶೇಷ ಅರ್ಥವೂ ಇರುವುದಿಲ್ಲ. ಹಲವು ಸಾಲುಗಳ ಕೋಡ್‌ಗೆ ಮೂರು ಬ್ಯಾಕ್‌ಟಿಕ್; ಡಿಸ್ಕಾರ್ಡ್‌ನಲ್ಲಿ ಆರಂಭದ ಮೂರರ ಬೆನ್ನಿಗೇ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಬರೆದರೆ ಕೋಡ್ ಬಣ್ಣಬಣ್ಣದಲ್ಲಿ ಕಾಣುತ್ತದೆ.

ಸಾಲು ಮುರಿಯುವ ವಿಷಯದಲ್ಲೂ ಕವಲುಗಳಿವೆ. ಚಾಟ್ ಆ್ಯಪ್‌ಗಳು ಎಂಟರ್ ಒತ್ತಿದಲ್ಲಿ ಸಾಲನ್ನು ಮುರಿಯುತ್ತವೆ. ಮಾರ್ಕ್‌ಡೌನಿನ ಮೂಲ ನಿಯಮದಲ್ಲಿ ಮಾತ್ರ ಒಂದು ಸಲ ಎಂಟರ್ ಒತ್ತಿದರೆ ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ; ಬೇರೆ ಪ್ಯಾರಾ ಬೇಕಿದ್ದರೆ ನಡುವೆ ಖಾಲಿ ಸಾಲು ಬಿಡಬೇಕು, ಪ್ಯಾರಾದ ಒಳಗೇ ಸಾಲು ಮುರಿಯಬೇಕಿದ್ದರೆ ಸಾಲಿನ ಕೊನೆಗೆ ಎರಡು ಖಾಲಿ ಜಾಗ ಬಿಡಬೇಕು. ವಾಟ್ಸ್ಆ್ಯಪ್‌ನಲ್ಲಿ ಅಚ್ಚುಕಟ್ಟಾಗಿದ್ದ ನಾಲ್ಕು ಸಾಲಿನ ಪದ್ಯ ರೆಡ್ಡಿಟ್‌ಗೆ ಹೋದಾಗ ಗದ್ಯವಾಗುವುದಕ್ಕೆ ಇದೇ ಕಾರಣ.

ಕನ್ನಡದಲ್ಲಿ ಬರೆಯುವಾಗ

ಈ ನಿಯಮಗಳನ್ನೆಲ್ಲ ರೂಪಿಸಿದವರ ಕಣ್ಣ ಮುಂದೆ ಇದ್ದದ್ದು ಪದಗಳು ಬಿಡಿಬಿಡಿಯಾಗಿ ನಿಲ್ಲುವ ಭಾಷೆಗಳು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುವುದರಿಂದ ಪದವನ್ನು ಮಾತ್ರ ಬೋಲ್ಡ್ ಮಾಡಿ ಪ್ರತ್ಯಯವನ್ನು ಹೊರಗಿಡಲು ಹೊರಟರೆ ಪೇಚಾಟ ಶುರುವಾಗುತ್ತದೆ. ಕಾಮನ್‌ಮಾರ್ಕ್ ಪ್ರಕಾರ "*ನಾಳೆ*ಯಿಂದ" ಎಂದು ನಕ್ಷತ್ರ ಹಾಕಿದರೆ "ನಾಳೆ" ಮಾತ್ರ ಓರೆಯಾಗುತ್ತದೆ. ಆದರೆ "_ನಾಳೆ_ಯಿಂದ" ಎಂದು ಅಂಡರ್‌ಸ್ಕೋರ್ ಹಾಕಿದರೆ ಏನೂ ಆಗುವುದಿಲ್ಲ, ಗೆರೆಗಳು ಹಾಗೆಯೇ ಉಳಿಯುತ್ತವೆ. ಪದದ ನಡುವೆ ಬರುವ ಅಂಡರ್‌ಸ್ಕೋರನ್ನು ಹೆಸರಿನ ಭಾಗವೆಂದು ಪರಿಗಣಿಸುವ ನಿಯಮ ಅದರಲ್ಲಿದೆ, ನಕ್ಷತ್ರಕ್ಕೆ ಆ ನಿಯಮ ಇಲ್ಲ.

ಇದಕ್ಕಿಂತ ಗೊಂದಲದ ಸಂದರ್ಭ ಉದ್ಧರಣ ಚಿಹ್ನೆಯದು. **"ನಿಯಮ"**ವನ್ನು ಎಂದು ಬರೆದಾಗ ಮುಚ್ಚುವ ನಕ್ಷತ್ರಗಳ ಎಡಕ್ಕೆ ಉದ್ಧರಣ ಚಿಹ್ನೆ, ಬಲಕ್ಕೆ "ವ" ಎಂಬ ಅಕ್ಷರ ಬರುತ್ತದೆ. ಎಡಗಡೆ ವಿರಾಮ ಚಿಹ್ನೆಯಿದ್ದು ಬಲಗಡೆ ಅಕ್ಷರವಿದ್ದರೆ ಆ ನಕ್ಷತ್ರಗಳು ಮುಚ್ಚುವ ಗುರುತಾಗಲಾರವು ಎನ್ನುತ್ತದೆ ಕಾಮನ್‌ಮಾರ್ಕ್. ಹೀಗಾಗಿ ನಾಲ್ಕೂ ನಕ್ಷತ್ರಗಳು ಪರದೆಯ ಮೇಲೆ ಕಾಣುತ್ತವೆ. ಉದ್ಧರಣ ಚಿಹ್ನೆಯನ್ನು ನಕ್ಷತ್ರಗಳ ಹೊರಕ್ಕೆ ತಂದರೆ ಇದು ಸರಿಹೋಗುತ್ತದೆ. ಅದಕ್ಕಿಂತ ಸುಲಭವಾದ ಪರಿಹಾರವೆಂದರೆ ಪ್ರತ್ಯಯವನ್ನೂ ಸೇರಿಸಿಕೊಂಡು ಇಡೀ ಪದವನ್ನು ಬೋಲ್ಡ್ ಮಾಡುವುದು. ಒಂಟಿ ಚಿಹ್ನೆಯ ಆ್ಯಪ್‌ಗಳಲ್ಲೂ ಇದೇ ಅಭ್ಯಾಸ ಇಟ್ಟುಕೊಂಡರೆ ನಿಯಮಗಳನ್ನು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ, ಓದುವವರಿಗೂ ಅರ್ಧ ದಪ್ಪ ಅರ್ಧ ಸಣಕಲಾದ ಪದ ಎದುರಾಗುವುದಿಲ್ಲ.

ಪಟ್ಟಿಗಳಲ್ಲೂ ಒಂದು ಸೂಕ್ಷ್ಮವಿದೆ. ಸಾಲಿನ ಆರಂಭದಲ್ಲಿ "1." ಎಂದು ಬರೆದರೆ ಮಾರ್ಕ್‌ಡೌನ್ ಅದನ್ನು ಪಟ್ಟಿಯಾಗಿ ಜೋಡಿಸುತ್ತದೆ, "೧." ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಅದು ಸಾದಾ ಸಾಲಾಗಿಯೇ ಉಳಿಯುತ್ತದೆ, ಏಕೆಂದರೆ ಕಾಮನ್‌ಮಾರ್ಕ್ 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಗುರುತಿಸುತ್ತದೆ. ಇದು ತೊಂದರೆಯೇ ಆಗಬೇಕೆಂದಿಲ್ಲ. ಆ್ಯಪ್ ತನ್ನಿಷ್ಟದಂತೆ ಸಂಖ್ಯೆ ಬದಲಿಸಬಾರದು, ಸಾಲನ್ನು ಒಳಕ್ಕೆ ಸರಿಸಬಾರದು ಎನ್ನುವವರಿಗೆ ಕನ್ನಡ ಅಂಕಿ ಒಳ್ಳೆಯ ಉಪಾಯವೂ ಹೌದು.

ಇನ್ನು ಲಿಪಿಯ ರೂಪದ ವಿಚಾರ. ಇಟಾಲಿಕ್ ಎಂಬುದು ರೋಮನ್ ಲಿಪಿಯ ಸಂಪ್ರದಾಯ; ಕನ್ನಡದ ಬಹುಪಾಲು ಫಾಂಟ್‌ಗಳಲ್ಲಿ ಅದಕ್ಕಾಗಿ ಬೇರೆ ರೂಪ ಇರುವುದಿಲ್ಲ, ಸಾಫ್ಟ್‌ವೇರ್ ನೆಟ್ಟಗಿನ ಅಕ್ಷರವನ್ನೇ ಬಲಕ್ಕೆ ವಾಲಿಸುತ್ತದೆ. ಗುಂಡಗಿನ ಅಕ್ಷರಗಳು ವಾಲಿದಾಗ ಒತ್ತು ಕಾಣುವ ಬದಲು ಅಕ್ಷರ ಕೆಟ್ಟಂತೆ ಕಾಣುತ್ತದೆ. ಪದದ ಕೆಳಗಿನ ಗೆರೆ ಒತ್ತಕ್ಷರಗಳನ್ನು ಸೀಳಿಕೊಂಡು ಹೋಗುವುದರಿಂದ "ವ್ಯಕ್ತಿ", "ಪಕ್ಷ್ಮ" ಮುಂತಾದ ಪದಗಳು ಸಣ್ಣ ಪರದೆಯಲ್ಲಿ ಕಲಸಿಹೋಗುತ್ತವೆ. ಕೋಡ್ ಬ್ಲಾಕಿನಲ್ಲಿ ಎಲ್ಲ ಅಕ್ಷರಗಳೂ ಸಮ ಅಗಲದಲ್ಲಿ ನಿಲ್ಲುತ್ತವೆಂದು ನಂಬಿ ಖಾಲಿ ಜಾಗಗಳಿಂದ ಕೋಷ್ಟಕ ಕಟ್ಟುವವರಿದ್ದಾರೆ. ಕನ್ನಡಕ್ಕೆ ಅಲ್ಲಿ ಬೇರೆ ಫಾಂಟ್ ಬಂದು ಕೂರುವುದರಿಂದ ಕಂಬಗಳು ಸೊಟ್ಟಗಾಗುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೂ ಇಲ್ಲದ ಕಾರಣ ಒತ್ತು ತೋರಿಸುವ ಹೊರೆಯೆಲ್ಲ ಬೋಲ್ಡ್ ಮೇಲೆಯೇ ಬೀಳುತ್ತದೆ. ಅದಕ್ಕೇ ಬೋಲ್ಡನ್ನು ಜೋಪಾನವಾಗಿ ಬಳಸಬೇಕು: ಸಂದೇಶಕ್ಕೆ ಒಂದು ಅಥವಾ ಎರಡು ಪದಗುಚ್ಛ ಸಾಕು. ಇಡೀ ಪ್ಯಾರಾವನ್ನು ದಪ್ಪ ಮಾಡಿದವರು ಯಾವುದನ್ನೂ ಎತ್ತಿ ತೋರಿಸಿದಂತಾಗುವುದಿಲ್ಲ.

ಬಟನ್ ಒತ್ತಿ ಶೈಲಿ ಕೊಡುವುದು

ಪದವನ್ನು ಆಯ್ಕೆ ಮಾಡಿ, ಮೆನುವಿನಲ್ಲಿ ಬೋಲ್ಡ್ ಎಂಬುದನ್ನು ಮುಟ್ಟುವ ವಿಧಾನಕ್ಕೆ ಯಾವ ಚಿಹ್ನೆಯನ್ನೂ ಕಲಿಯಬೇಕಾಗಿಲ್ಲ. ಸಿಗ್ನಲ್‌ನಲ್ಲಿ ಇದೇ ಮುಖ್ಯ ದಾರಿ. ವಾಟ್ಸ್ಆ್ಯಪ್ ಮತ್ತು ಟೆಲಿಗ್ರಾಂಗಳಲ್ಲಿ ಚಿಹ್ನೆಗಳ ಜೊತೆಗೆ ಇದೂ ಇದೆ. ಗ್ರೂಪಿನಲ್ಲಿ ತಂತ್ರಜ್ಞಾನದ ಬಳಕೆ ಕಡಿಮೆ ಇರುವವರು ಹೆಚ್ಚಿದ್ದರೆ ಅವರಿಗೆ ಇದನ್ನೇ ತೋರಿಸಿಕೊಡುವುದು ಸರಿ. ಕನ್ನಡ ಕೀಲಿಮಣೆಯಲ್ಲಿ ಬರೆಯುತ್ತಿರುವಾಗ ಒಂದು ಅಂಡರ್‌ಸ್ಕೋರಿಗಾಗಿ ಎರಡು ಪುಟ ತಿರುಗಿಸುವ ಕಷ್ಟವೂ ಇದರಿಂದ ತಪ್ಪುತ್ತದೆ.

ಆದರೆ ಚಿಹ್ನೆಗೆ ಒಗ್ಗಿದ ಕೈಗಳಿಗೆ ಬಟನ್ ಅಡ್ಡಿಯಾಗಬಹುದು. ಸ್ಲ್ಯಾಕ್ 2019ರಲ್ಲಿ ಬರೆಯುತ್ತಿರುವಾಗಲೇ ಶೈಲಿ ತೋರಿಸುವ ಹೊಸ ಪೆಟ್ಟಿಗೆಯನ್ನು ತಂದಾಗ ಹಳೆಯ ಬಳಕೆದಾರರು, ಅದರಲ್ಲೂ ಪ್ರೋಗ್ರಾಮರ್‌ಗಳು, ಎಷ್ಟು ಆಕ್ಷೇಪಿಸಿದರೆಂದರೆ ಚಿಹ್ನೆಗಳಲ್ಲೇ ಬರೆಯುವ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ಮತ್ತೆ ಕೊಡಬೇಕಾಯಿತು. ಇಂಥ ಪೆಟ್ಟಿಗೆಗಳ ಮತ್ತೊಂದು ಸಮಸ್ಯೆ ಪೇಸ್ಟ್ ಮಾಡಿದಾಗ ಬರುತ್ತದೆ. ವೆಬ್ ಪುಟದಿಂದಲೋ ವರ್ಡ್ ಕಡತದಿಂದಲೋ ಕಾಪಿ ಮಾಡಿದ ಬರಹ ತನ್ನ ಫಾಂಟ್, ಗಾತ್ರ, ಬಣ್ಣಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರಬಹುದು. ಬಣ್ಣವನ್ನೂ ಉಳಿಸಿಕೊಳ್ಳುವ ಆ್ಯಪ್‌ಗಳಲ್ಲಿ ಕಪ್ಪು ಅಕ್ಷರಗಳು ಕತ್ತಲೆ ಹಿನ್ನೆಲೆಯಲ್ಲಿ ಮುಳುಗಿಹೋಗುತ್ತವೆ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಹಳಷ್ಟು ಆ್ಯಪ್‌ಗಳಲ್ಲಿ ಬರಿ ಅಕ್ಷರಗಳಷ್ಟೇ ಅಂಟುತ್ತವೆ.

ಟ್ಯಾಗ್‌ಗಳು ಮತ್ತು ಬಾಟ್‌ಗಳು

ಚೌಕ ಆವರಣದೊಳಗೆ ಶೈಲಿಯ ಹೆಸರು ಬರೆದು ತೆರೆದು ಮುಚ್ಚುವ ಬಿಬಿಕೋಡ್ 1998ರ ಸುಮಾರಿಗೆ ಬಂದದ್ದು. ಬಣ್ಣ, ಗಾತ್ರ, ನಡುವಿಗೆ ಜೋಡಣೆ, ಹೀಗೆ ಚಿಹ್ನೆಗಳಿಗೆ ಎಟುಕದ ಹಲವನ್ನು ಅದು ಮಾಡುತ್ತದೆ. ಆದರೆ ಟ್ಯಾಗ್ ಅರ್ಥವಾಗದ ಕಡೆಗೆ ಹೋದರೆ ಓದಲಾಗದಷ್ಟು ಕಸ ಉಳಿಯುತ್ತದೆ. ಹಳೆಯ ಚರ್ಚಾವೇದಿಕೆಯ ಸದಸ್ಯರಲ್ಲದವರು ಇದನ್ನು ಹೊಸದಾಗಿ ಕಲಿಯುವ ಅಗತ್ಯವಿಲ್ಲ.

ವೆಬ್ ಪುಟಗಳನ್ನು ಕಟ್ಟುವ ಟ್ಯಾಗ್ ಭಾಷೆಯಾದ ಎಚ್‌ಟಿಎಂಎಲ್ ಮಾತು ಬೇರೆ. ಕೈಯಿಂದ ಬರೆಯುವವರಿಗೆ ಅದು ಹೊರೆ, ಆದರೆ ಸಮುದಾಯಕ್ಕೆ ತಾನಾಗಿಯೇ ಸಂದೇಶ ಕಳಿಸುವ ಬಾಟ್ ನಡೆಸುವವರಿಗೆ ಅದೇ ಒಳ್ಳೆಯ ಆಯ್ಕೆ. ಟೆಲಿಗ್ರಾಂ ಬಾಟ್‌ಗಳಿಗೆ ಎಚ್‌ಟಿಎಂಎಲ್ ಮತ್ತು ಮಾರ್ಕ್‌ಡೌನ್ ಎರಡನೇ ಆವೃತ್ತಿ ಎಂಬ ಎರಡು ಮುಖ್ಯ ದಾರಿಗಳಿವೆ. ಎರಡನೆಯದರಲ್ಲಿ ಪೂರ್ಣವಿರಾಮ, ಆಶ್ಚರ್ಯಸೂಚಕ, ಅಡ್ಡಗೆರೆ, ಆವರಣ ಎಲ್ಲ ಸೇರಿ 18 ಚಿಹ್ನೆಗಳ ಎಡಕ್ಕೆ, ಶೈಲಿಗಾಗಿ ಬಳಸದ ಕಡೆಯಲ್ಲೆಲ್ಲ, ಹಿಂದಕ್ಕೆ ವಾಲಿದ ಓರೆಗೆರೆ ಹಾಕಬೇಕು. ಒಂದು ಪೂರ್ಣವಿರಾಮ ಮರೆತರೂ ಸರ್ವರ್ ಇಡೀ ಸಂದೇಶವನ್ನು ತಿರಸ್ಕರಿಸುತ್ತದೆ. ಎಚ್‌ಟಿಎಂಎಲ್‌ನಲ್ಲಿ ಎಚ್ಚರ ವಹಿಸಬೇಕಾದದ್ದು ಮೂರೇ ಚಿಹ್ನೆಗಳ ಬಗ್ಗೆ: ಕಿರಿದು (<), ಹಿರಿದು (>), ಆಂಪರ್‌ಸ್ಯಾಂಡ್ (&). ಸದಸ್ಯರು ಬರೆದ ಹೆಸರುಗಳನ್ನೋ ಶೀರ್ಷಿಕೆಗಳನ್ನೋ ಬಾಟ್ ಮತ್ತೆ ಪ್ರಕಟಿಸುವಂತಿದ್ದರೆ ಅವರು ಏನು ಬರೆದಾರೆಂದು ಮೊದಲೇ ಹೇಳಲಾಗದ ಕಾರಣ ಈ ವ್ಯತ್ಯಾಸ ದೊಡ್ಡದು. ಮ್ಯಾಟ್ರಿಕ್ಸ್ ಎಂಬ ಮುಕ್ತ ಚಾಟ್ ವ್ಯವಸ್ಥೆಯಲ್ಲಿ ಶೈಲಿಯಿರುವ ಸಂದೇಶ ಎರಡು ರೂಪದಲ್ಲಿ ಸಾಗುತ್ತದೆ, ಒಂದು ಸಾದಾ ಬರಹ, ಇನ್ನೊಂದು ಎಚ್‌ಟಿಎಂಎಲ್. ಎರಡನೆಯದನ್ನು ತೋರಿಸಲಾಗದ ಆ್ಯಪ್ ಮೊದಲನೆಯದನ್ನು ತೋರಿಸುತ್ತದೆ. ಮೇಲೆ ಹೇಳಿದ ಅಳತೆಗೋಲಿಗೆ ಇಷ್ಟು ಚೆನ್ನಾಗಿ ಹೊಂದುವ ಏರ್ಪಾಡು ಉಳಿದ ಆ್ಯಪ್‌ಗಳಲ್ಲೂ ಇದ್ದಿದ್ದರೆ ಈ ಮಾರ್ಗದರ್ಶಿ ಅರ್ಧಕ್ಕೆ ಇಳಿಯುತ್ತಿತ್ತು.

ಅಲಂಕಾರಿಕ ಅಕ್ಷರಗಳು

ಹೆಸರು, ಚಾನೆಲ್ ಶೀರ್ಷಿಕೆ, ಪರಿಚಯದ ಸಾಲು ಮುಂತಾದ ಕಡೆಗಳಲ್ಲಿ ಯಾವ ಚಿಹ್ನೆಯೂ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಆಗ ಜನರು ಯಾವುದೋ ವೆಬ್ ಪುಟದಲ್ಲಿ ಇಂಗ್ಲಿಷ್ ಹೆಸರನ್ನು ಬಳ್ಳಿಬಳ್ಳಿಯಾದ ಅಕ್ಷರಗಳಿಗೆ ಬದಲಿಸಿಕೊಂಡು ಅಂಟಿಸುತ್ತಾರೆ. ಅವು ಶೈಲಿಗಳಲ್ಲ, ಬೇರೆಯೇ ಅಕ್ಷರಗಳು: ಗಣಿತದ ಸೂತ್ರಗಳಲ್ಲಿ ಬಳಸಲೆಂದು ಯೂನಿಕೋಡ್ 2001ರಲ್ಲಿ ಸೇರಿಸಿದ ಸಂಕೇತಗಳು. ಅಚ್ಚರಿಯೆಂದರೆ ಕಾಪಿ ಮಾಡಿದಾಗ ಚಹರೆ ಕೆಡದೆ ಉಳಿಯುವುದು ಇವೊಂದೇ. ಆದರೂ ಈ ಹೋಲಿಕೆಯಲ್ಲಿ ಕೊನೆಯ ಸ್ಥಾನ ಇವಕ್ಕೇ ಸಲ್ಲಬೇಕು. ಸಾಮಾನ್ಯ ಅಕ್ಷರಗಳಲ್ಲಿ ಹುಡುಕಿದರೆ ಇಂಥ ಹೆಸರು ಬಹಳ ಕಡೆ ಸಿಗುವುದಿಲ್ಲ, ಸದಸ್ಯರನ್ನು ಹೆಸರು ಹಿಡಿದು ಕರೆಯಲು ಹೋದರೆ ಪಟ್ಟಿಯಲ್ಲಿ ಕಾಣುವುದಿಲ್ಲ. ಸ್ಕ್ರೀನ್ ರೀಡರ್ ಒಂದೋ ಪ್ರತಿ ಅಕ್ಷರಕ್ಕೂ "ಮ್ಯಾಥಮ್ಯಾಟಿಕಲ್ ಬೋಲ್ಡ್ ಕ್ಯಾಪಿಟಲ್ ಎ" ಎಂಬಂತೆ ಉದ್ದುದ್ದ ಓದುತ್ತದೆ, ಇಲ್ಲವೇ ಇಡೀ ಹೆಸರನ್ನು ನುಂಗಿಬಿಡುತ್ತದೆ. ಕನ್ನಡ ಅಕ್ಷರಗಳಿಗೆ ಇಂಥ ಪ್ರತಿರೂಪಗಳನ್ನು ಯೂನಿಕೋಡ್ ಕೊಟ್ಟಿಲ್ಲವಾದ್ದರಿಂದ ಕನ್ನಡದಲ್ಲಿ ಹೆಸರಿಟ್ಟುಕೊಂಡವರು ಈ ಆಕರ್ಷಣೆಯಿಂದ ಪಾರಾಗಿದ್ದಾರೆ.

ಇದೇ ಮಾತು ಸ್ವಲ್ಪ ಮಟ್ಟಿಗೆ ಎಮೋಜಿಗಳಿಗೂ ಸಲ್ಲುತ್ತದೆ. ಪ್ರತಿ ಸಾಲಿನ ಮುಂದೆ ಕೆಂಪು ಚುಕ್ಕಿ ಹಾಕಿದ ಹತ್ತು ಅಂಶಗಳ ಪಟ್ಟಿಯನ್ನು ಕೇಳಿಸಿಕೊಳ್ಳುವವರು "ಕೆಂಪು ವೃತ್ತ" ಎಂಬುದನ್ನೂ ಹತ್ತು ಸಲ ಕೇಳಬೇಕಾಗುತ್ತದೆ. ವಾಟ್ಸ್ಆ್ಯಪ್ 2024ರಲ್ಲಿ ಪಟ್ಟಿ ಮತ್ತು ಉದ್ಧರಣೆಯ ಸೌಲಭ್ಯಗಳನ್ನು ಸೇರಿಸಿದೆ. ಅಡ್ಡಗೆರೆ ಹಾಕಿ ಒಂದು ಜಾಗ ಬಿಟ್ಟು ಬರೆದರೆ ಸಾಲು ಪಟ್ಟಿಯಾಗುತ್ತದೆ.

ಯಾವ ಸಂದೇಶಕ್ಕೆ ಯಾವುದು?

ಸಮಯ, ಸ್ಥಳ, ಕೊನೆಯ ದಿನಾಂಕ ಮುಂತಾದ ಮುಖ್ಯ ವಿಷಯಗಳಿರುವ ಪ್ರಕಟಣೆ ಹಲವು ಕಡೆಗೆ ಹೋಗುವಂತಿದ್ದರೆ ಅದನ್ನು ಸಾದಾ ಅಕ್ಷರಗಳಲ್ಲೇ ಬರೆಯುವುದು ಉತ್ತಮ. ಚಿಕ್ಕ ಸಾಲುಗಳು, ವಿಷಯಕ್ಕೊಂದು ಖಾಲಿ ಸಾಲು, ಮೊದಲ ಸಾಲಿನಲ್ಲೇ ಮುಖ್ಯ ಸಂಗತಿ, ಇಷ್ಟಿದ್ದರೆ ಯಾವ ಆ್ಯಪ್‌ನಲ್ಲೂ ಕೆಡದು. ಬದಲಾವಣೆ ತಿಳಿಸುವಾಗ ಹಳೆಯ ಸಮಯದ ಮೇಲೆ ಗೆರೆ ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆಯುವ ಅಭ್ಯಾಸವಂತೂ ಅಪಾಯದ್ದು. ಬಹಳಷ್ಟು ಸ್ಕ್ರೀನ್ ರೀಡರ್‌ಗಳು ಸಾಮಾನ್ಯ ಸೆಟ್ಟಿಂಗಿನಲ್ಲಿ ಆ ಗೆರೆಯನ್ನು ಹೇಳುವುದಿಲ್ಲ, ಕಾಪಿ ಮಾಡಿದ ಕಡೆ ಅದು ಉಳಿಯದೆಯೂ ಹೋಗಬಹುದು. ಆಗ "ಸಂಜೆ 5 ಗಂಟೆ ಸಂಜೆ 6 ಗಂಟೆ" ಎಂದು ಎರಡೂ ಸಮಯ ಸರಿಯೆಂಬಂತೆ ನಿಲ್ಲುತ್ತವೆ. "ಸಭೆ 5ಕ್ಕಲ್ಲ, 6 ಗಂಟೆಗೆ" ಎಂದು ಮಾತಿನಲ್ಲೇ ಹೇಳಿದರೆ ಈ ತೊಂದರೆ ಇಲ್ಲ.

ಒಂದೇ ಸರ್ವರಿನಲ್ಲಿ ಪಿನ್ ಆಗಿ ಉಳಿಯುವ ನಿಯಮಾವಳಿ ಅಥವಾ ಸ್ವಾಗತದ ಬರಹಕ್ಕೆ ಆ ಆ್ಯಪ್‌ನ ಚಿಹ್ನೆಗಳನ್ನು ಧಾರಾಳವಾಗಿ ಬಳಸಬಹುದು. ಡಿಸ್ಕಾರ್ಡ್‌ನಲ್ಲಿ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಮತ್ತು ಒಂದು ಜಾಗ ಬಿಟ್ಟರೆ ದೊಡ್ಡ ಶೀರ್ಷಿಕೆ ಬರುತ್ತದೆ, ಮೂರು ಹ್ಯಾಶ್‌ವರೆಗೆ ಗಾತ್ರ ಇಳಿಯುತ್ತಾ ಹೋಗುತ್ತದೆ. ನಿಯಮಾವಳಿಗೆ ಮಧ್ಯದ ಗಾತ್ರವೇ ಸಾಕು. ಮಾತುಕತೆಯ ನಡುವೆ ಶೀರ್ಷಿಕೆ ಬಳಸುವುದು ಕಿರುಚಿದಂತೆ ತೋರುತ್ತದೆ. ದೂರದೂರದ ಸದಸ್ಯರಿರುವ ಸರ್ವರಾದರೆ ಸಮಯವನ್ನು ಅಂಕಿಯಲ್ಲಿ ಬರೆಯುವ ಬದಲು ಡಿಸ್ಕಾರ್ಡ್‌ನ ಸಮಯದ ಗುರುತನ್ನು ಬಳಸಿದರೆ ಓದುವ ಪ್ರತಿಯೊಬ್ಬರಿಗೂ ಅವರವರ ಗಡಿಯಾರದ ಸಮಯ ಕಾಣುತ್ತದೆ. ಆ ಗುರುತು ಬೇರೆ ಆ್ಯಪ್‌ಗೆ ಹೋದರೆ ಮಾತ್ರ ಅರ್ಥವಿಲ್ಲದ ಅಂಕಿಗಳ ಸಾಲು.

ಕಥೆಯ ಗುಟ್ಟು ಮುಚ್ಚಿಡುವ ಸ್ಪಾಯ್ಲರ್‌ಗೆ ಡಿಸ್ಕಾರ್ಡ್ ಮತ್ತು ಟೆಲಿಗ್ರಾಂನಲ್ಲಿ ಎರಡೂ ಬದಿಗೆ ಎರಡೆರಡು ಲಂಬಗೆರೆ, ರೆಡ್ಡಿಟ್‌ನಲ್ಲಿ ಹಿರಿದು ಚಿಹ್ನೆ ಮತ್ತು ಆಶ್ಚರ್ಯಸೂಚಕದಿಂದ ತೆರೆದು, ಆಶ್ಚರ್ಯಸೂಚಕ ಮತ್ತು ಕಿರಿದು ಚಿಹ್ನೆಯಿಂದ ಮುಚ್ಚಬೇಕು. ಶೈಲಿ ಕೆಟ್ಟರೆ ಬರಹದ ಉದ್ದೇಶವೇ ಪೂರ್ತಿ ಕೆಡುವ ಸಂದರ್ಭ ಇದು. ಆದ್ದರಿಂದ ಗುಟ್ಟಿನ ಮುಂದೆ ಯಾವ ಕಥೆಯ ಎಷ್ಟು ಭಾಗದ ಸಂಗತಿ ಎಂದು ಒಂದು ಸಾಲಿನ ಎಚ್ಚರಿಕೆ ಬರೆದು, ನಡುವೆ ಕೆಲವು ಸಾಲು ಬಿಟ್ಟು ಮುಂದುವರಿಸಬೇಕು.

ಉದ್ದದ ಬರಹವಾದರೆ ಮಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಡಿಸ್ಕಾರ್ಡ್‌ನಲ್ಲಿ ಸಾಮಾನ್ಯ ಸದಸ್ಯರ ಒಂದು ಸಂದೇಶಕ್ಕೆ 2000 ಅಕ್ಷರಗಳ ಮಿತಿಯಿದೆ, ನಕ್ಷತ್ರ ಟಿಲ್ಡೆಗಳೂ ಅದರೊಳಗೇ ಬರುತ್ತವೆ. ಟೆಲಿಗ್ರಾಂನಲ್ಲಿ 4096, ಅಲ್ಲಿ ಬಾಟ್‌ಗಳ ಸಂದೇಶಕ್ಕೆ ಶೈಲಿಯ ಗುರುತುಗಳನ್ನು ಕಳೆದ ಮೇಲೆ ಉಳಿಯುವುದನ್ನಷ್ಟೇ ಎಣಿಸಲಾಗುತ್ತದೆ. ಕನ್ನಡದಲ್ಲಿ ಕಾಗುಣಿತದ ಗುರುತು, ಒತ್ತಕ್ಷರ ಮೂಡಿಸುವ ವಿರಾಮದ ಗುರುತು (್), ಒತ್ತಕ್ಷರದ ವ್ಯಂಜನ ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಸೇರುವುದರಿಂದ ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ "ಶಕ್ತಿ" ಎಂಬ ಪದ ಯೂನಿಕೋಡ್ ಲೆಕ್ಕದಲ್ಲಿ ಐದಾಗುತ್ತದೆ. ಮಿತಿ ಮೀರಿದ ಬರಹವನ್ನು ಎರಡು ಸಂದೇಶಗಳಾಗಿ ಒಡೆಯುವಾಗ ಬೋಲ್ಡ್ ಅಥವಾ ಕೋಡ್ ಬ್ಲಾಕಿನ ನಡುವೆ ಕತ್ತರಿ ಬೀಳದಂತೆ ನೋಡಿಕೊಳ್ಳಬೇಕು. ಬಿದ್ದದ್ದೇ ಆದರೆ ಮೊದಲ ಭಾಗದ ಕೊನೆಗೆ ಮುಚ್ಚುವ ಚಿಹ್ನೆಯನ್ನೂ ಎರಡನೇ ಭಾಗದ ಆರಂಭಕ್ಕೆ ತೆರೆಯುವ ಚಿಹ್ನೆಯನ್ನೂ ಹೊಸದಾಗಿ ಹಾಕಬೇಕು.